ಕಿಲುಬು ಹಿಡಿದ ತೋಟೆ

ಕೊಡಗಿನ ಮಳೆಗಾಲದಲ್ಲಿ ಗೋಡೆಗಳೂ ಬೆವರುತ್ತವೆ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಸುರಿಯುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಚಪ್ಪಲಿಗೆ ಬೂಷ್ಟು, ಪುಸ್ತಕದ ಬೆನ್ನಿಗೆ ಬೂಷ್ಟು, ಉಪ್ಪಿನ ಜಾಡಿಯ ತಳದಲ್ಲಿ ನೀರು. ನಾಟಿ ಮುಗಿದು ಮಳೆ ಸ್ವಲ್ಪ ಹಿಂದೆ ಸರಿಯುವ ಹೊತ್ತಿಗೆ, ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ, ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ಗದ್ದೆ ಕೆಲಸದ ದಿನಗಳಲ್ಲಿ ಒಳಗಿಟ್ಟಿದ್ದ ಕೋವಿಯನ್ನು ಹೊರಗೆ ತೆಗೆದು, ಒರೆಸಿ, ಎಣ್ಣೆ ಹಚ್ಚಿ, ನಳಿಗೆಗೆ ತೋಕ್ ಪೂ ಸಿಕ್ಕಿಸಿ ದೀಪದ ಮುಂದೆ ಇಡುತ್ತಾರೆ. ತೋಕ್ ಎಂದರೆ ಕೋವಿ. ಬೇಲಿಯ ಮೇಲೆ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯ ಹೂವಿಗೆ ಕೊಡವರು ಕೋವಿಯ ಹೂವೆಂದೇ ಹೆಸರಿಟ್ಟಿದ್ದಾರೆ. ಪೂಜೆ ಮತ್ತು ಊಟ ಮುಗಿದ ಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ.

ಕೋವಿಯ ಜೊತೆಗೆ ಇನ್ನೊಂದು ಡಬ್ಬಿಯೂ ಬೆಳಕಿಗೆ ಬರುತ್ತದೆ. ಅದು ತೋಟೆಗಳ ಡಬ್ಬಿ. ಕೆಲವೆಡೆ ಇದನ್ನೇ ಕಾಡತೂಸು ಎನ್ನುತ್ತಾರೆ. ಕೊಂಡಾಗ ಚಿನ್ನದಂತೆ ಹೊಳೆಯುತ್ತಿದ್ದ ತೋಟೆಯ ತಳ ಎರಡು ಮಳೆಗಾಲ ಕಳೆಯುವುದರೊಳಗೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಒಂದೆರಡರ ಅಂಚಿನಲ್ಲಿ ಹಸಿರು ಕಿಲುಬು. ಬೆರಳಿಟ್ಟ ಜಾಗದಲ್ಲಿ ಬೆರಳಿನದೇ ಗುರುತು ಕಪ್ಪಾಗಿ ಉಳಿದಿರುತ್ತದೆ. ಆಗ ಮನೆಯಲ್ಲಿ ಒಂದು ಚರ್ಚೆ ಹುಟ್ಟುತ್ತದೆ. ಇದನ್ನು ಹೊಡೆಯಬಹುದೇ? ಒರೆಸಿ ಹಾಕಿದರೆ ಸಾಕು, ಏನೂ ಆಗುವುದಿಲ್ಲ ಎನ್ನುವ ಹಿರಿಯರೊಬ್ಬರು. ಬಣ್ಣ ಕೆಟ್ಟ ತೋಟೆಯನ್ನು ಮುಟ್ಟಲೇಬಾರದು ಎನ್ನುವ ಇನ್ನೊಬ್ಬರು. ಇಬ್ಬರ ಮಾತಿನ ಹಿಂದೆಯೂ ಅನುಭವ ಇದೆ. ಆದರೆ ಇಬ್ಬರೂ ನೋಡುತ್ತಿರುವುದು ಬಣ್ಣವನ್ನು. ಬಣ್ಣ ಹೇಳುವುದು ಕತೆಯ ಒಂದು ಸಣ್ಣ ಭಾಗವನ್ನು ಮಾತ್ರ. ಆ ತೋಟೆ ಕಳೆದ ಮಳೆಗಾಲಗಳನ್ನು ಮನೆಯ ಯಾವ ಮೂಲೆಯಲ್ಲಿ, ಯಾವುದರ ಪಕ್ಕದಲ್ಲಿ ಕಳೆಯಿತು ಎಂಬುದರಲ್ಲಿ ಉಳಿದ ಕತೆಯೆಲ್ಲ ಇದೆ. ಇದು ಗೊತ್ತಾಗಲು ದಶಕಗಳೇ ಹಿಡಿದವು, ಮತ್ತು ಅದರ ಮುಖ್ಯ ಪಾಠ ಕಲಿತದ್ದು ನಮ್ಮ ದೇಶದ ಮಳೆಯಲ್ಲಿ.

ತೋಟೆಯಲ್ಲಿ ಚಿನ್ನದಂತೆ ಹೊಳೆಯುವುದು ಹಿತ್ತಾಳೆ. ಮೊದಲು ಅದು ಅಲ್ಲಿ ಏನು ಮಾಡುತ್ತಿದೆ ಎಂದು ನೋಡೋಣ. 1857ರ ದಂಗೆಗೆ ಕಿಡಿಯಾದ ಎನ್‌ಫೀಲ್ಡ್ ಕೋವಿಯ ತೋಟೆ ಕಾಗದದ್ದು. ಅದಕ್ಕೆ ಕೊಬ್ಬು ಸವರಿದ್ದೇ ಗುಂಡು ನಳಿಗೆಯಲ್ಲಿ ಸಲೀಸಾಗಿ ಜಾರಲಿ, ಮದ್ದಿಗೆ ತೇವ ತಾಗದಿರಲಿ ಎಂಬ ಕಾರಣಕ್ಕೆ. ಅದಾಗಿ ಹತ್ತು ವರ್ಷಗಳಲ್ಲಿ ಬ್ರಿಟಿಷ್ ಸೈನ್ಯ ಹಿತ್ತಾಳೆಯ ತೋಟೆಗೆ ಬದಲಾಯಿತು. 1869ರಲ್ಲಿ ಪುಣೆಯ ಬಳಿ ಖಡಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ ಶುರುವಾಯಿತು. ಇಂದಿಗೂ ಅಲ್ಲಿನ ತೋಟೆಗಳ ತಳದಲ್ಲಿ 'ಕೆ ಎಫ್' ಎಂಬ ಮುದ್ರೆ ಕಾಣುತ್ತದೆ.

ತೋಟೆಯಲ್ಲಿ ಇರುವುದು ನಾಲ್ಕೇ ವಸ್ತು. ಮುಂದೆ ಗುಂಡು ಅಥವಾ ಚರೆ, ಅದರ ಹಿಂದೆ ಮದ್ದು, ತಳದ ನಡುವೆ ಮದ್ದಿಗೆ ಬೆಂಕಿ ಕೊಡುವ ಕೇಪು, ಇವೆಲ್ಲವನ್ನೂ ಹಿಡಿದಿಟ್ಟುಕೊಳ್ಳುವ ಕೊಳವೆ. ಕೊಳವೆ ಬರಿಯ ಡಬ್ಬಿ ಎಂದುಕೊಳ್ಳುವವರೇ ಹೆಚ್ಚು. ಗುಂಡು ಹಾರುವ ಕ್ಷಣದಲ್ಲಿ ಅತ್ಯಂತ ಸೂಕ್ಷ್ಮವಾದ ಕೆಲಸ ಅದರದೇ. ಕುಕ್ಕರ್ ಕೂಗುವಾಗ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಎರಡರಷ್ಟಿರುತ್ತದೆ. ಹನ್ನೆರಡು ಬೋರಿನ ಚರೆ ಕೋವಿಯಲ್ಲಿ ಅದು ಏಳುನೂರು ಪಟ್ಟು ದಾಟಬಲ್ಲದು. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಇದ್ದ ಥ್ರೀ ನಾಟ್ ಥ್ರೀ ರೈಫಲ್ಲಿನಲ್ಲಿ ಮೂರು ಸಾವಿರ ಪಟ್ಟಿಗೂ ಹೆಚ್ಚು. ಸೆಕೆಂಡಿನ ಸಾವಿರದ ಒಂದೆರಡು ಭಾಗದಷ್ಟು ಹೊತ್ತಿನಲ್ಲಿ ಈ ಒತ್ತಡ ಏರಿ ಇಳಿಯುತ್ತದೆ. ಅಷ್ಟರಲ್ಲಿ ಹಿತ್ತಾಳೆ ಉಬ್ಬಿ ಕೋವಿಯ ಉಕ್ಕಿಗೆ ಅಂಟಿಕೊಂಡು, ಬಿಸಿ ಅನಿಲ ಹಿಂದಕ್ಕೆ, ಅಂದರೆ ಹೊಡೆಯುವವನ ಮುಖದತ್ತ, ನುಗ್ಗದಂತೆ ಬಿರಡೆ ಹಾಕುತ್ತದೆ. ಒತ್ತಡ ಇಳಿದೊಡನೆ ಸ್ವಲ್ಪ ಕುಗ್ಗಿ ಸಡಿಲವಾಗಿ ಹೊರಬರುತ್ತದೆ. ಉಬ್ಬಬೇಕು, ಹರಿಯಬಾರದು, ಮತ್ತೆ ಕುಗ್ಗಬೇಕು. ಇದಕ್ಕೆ ಒಗ್ಗುವ ಮಿಶ್ರಲೋಹವೆಂದರೆ ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತುವು ಇರುವ ಹಿತ್ತಾಳೆ. ಲೋಹಶಾಸ್ತ್ರದಲ್ಲಿ ಇದರ ಹೆಸರೇ ತೋಟೆ ಹಿತ್ತಾಳೆ.

ಹಾಗಾದರೆ ಪ್ರಶ್ನೆ ಇಷ್ಟು: ಮೇಲಿನ ಮಸುಕು ಈ ಬಿರಡೆಯ ಕೆಲಸವನ್ನು ಕೆಡಿಸುತ್ತದೆಯೇ?

ದೇವರ ಮನೆಯ ದೀಪ ಎರಡು ವಾರ ಹುಣಸೆಹಣ್ಣು ಕಾಣದಿದ್ದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು. ಗಾಳಿಯ ಆಮ್ಲಜನಕ ಹಿತ್ತಾಳೆಯಲ್ಲಿನ ತಾಮ್ರದೊಂದಿಗೆ ಸೇರಿ ಕಂದು ಬಣ್ಣದ ಆಕ್ಸೈಡಿನ ಪದರ ಕಟ್ಟುತ್ತದೆ. ಗಾಳಿಯಲ್ಲಿ ಗಂಧಕದ ಅನಿಲ ಇದ್ದರೆ ಪದರ ಕಪ್ಪಾಗುತ್ತದೆ. ಬೆವರಿನ ಉಪ್ಪು ಮತ್ತು ಆಮ್ಲ ತಾಗಿದಲ್ಲಿ ಬೇಗ ಕಪ್ಪಾಗುತ್ತದೆ. ಬೆರಳಿನ ಗುರುತು ಮೂಡುವುದು ಹೀಗೆ. ಈ ಪದರ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳು. ತೋಟೆಯ ಹಿತ್ತಾಳೆ ಅತ್ಯಂತ ತೆಳುವಾಗಿರುವ ಬಾಯಿಯ ಬಳಿಯಲ್ಲೂ ಅದರ ದಪ್ಪ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟಿರುತ್ತದೆ. ಕಬ್ಬಿಣದ ತುಕ್ಕು ಹೊಪ್ಪಳೆಯಾಗಿ ಎದ್ದು ಬಿದ್ದು ಹೊಸ ಕಬ್ಬಿಣವನ್ನು ಗಾಳಿಗೆ ಒಡ್ಡುತ್ತದೆ. ತಾಮ್ರದ ಆಕ್ಸೈಡು ಹಾಗಲ್ಲ, ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡು ಒಳಗಿನದಕ್ಕೆ ಹೊದಿಕೆಯಾಗುತ್ತದೆ. ಬಚ್ಚಲಿನ ತಾಮ್ರದ ಹಂಡೆ ಹೊರಗೆ ಕಪ್ಪಾಗಿದ್ದೂ ಮೂರು ತಲೆಮಾರು ನೀರು ಕಾಯಿಸುವುದು ಇದರಿಂದಲೇ. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಮೈಮೇಲೆ ಇರುವುದು 2.4 ಮಿಲಿಮೀಟರ್ ದಪ್ಪದ ತಾಮ್ರದ ತಗಡು. 1886ರಿಂದ ಸಮುದ್ರದ ಗಾಳಿಗೆ ಮೈಯೊಡ್ಡಿ ಹಸಿರಾಗಿ ನಿಂತಿದೆ.

ಆದ್ದರಿಂದ ಸಮನಾಗಿ ಕಂದಾದ, ಮುಟ್ಟಿದರೆ ನುಣುಪಾಗಿಯೇ ಇರುವ ತೋಟೆಯ ಬಗ್ಗೆ ಹೆದರುವುದು ಬೇಡ. ಒರೆಸಿ ಹಾಕು ಎಂದ ಹಿರಿಯರ ಮಾತು ಇಲ್ಲಿಯವರೆಗೆ ಸರಿ. ಸೈನ್ಯದ ರೈಫಲ್ ತೋಟೆಗಳ ಕುತ್ತಿಗೆಯ ಸುತ್ತ ನೀಲಿ, ನೇರಳೆ, ಕಂದು ಬಣ್ಣದ ಪಟ್ಟಿಯೊಂದು ಕಾಣುತ್ತದೆ. ಅದನ್ನು ನೋಡಿ ತೋಟೆ ಸುಟ್ಟುಹೋಗಿದೆ ಎಂದು ಎಸೆದವರಿದ್ದಾರೆ. ಅದು ದೋಷವಲ್ಲ, ಹದದ ಗುರುತು. ಏಕೆಂದು ಮುಂದೆ ಹೇಳುತ್ತೇನೆ.

ಹಸಿರು ಕಾಣಿಸಿಕೊಂಡಾಗ ಸ್ವಲ್ಪ ನಿಧಾನಿಸಬೇಕು. ಕಿಲುಬು ಎಂದು ನಾವು ಕರೆಯುವುದು ತಾಮ್ರದ ಹಲವು ಲವಣಗಳ ಕೂಟ. ತೇವ ಮತ್ತು ಇಂಗಾಲದ ಡೈಆಕ್ಸೈಡ್ ಸೇರಿದರೆ ಒಂದು ಬಗೆ, ಕಡಲ ತೀರದ ಉಪ್ಪು ಸೇರಿದರೆ ಇನ್ನೊಂದು. ಹಳೆಯ ಚರ್ಮದ ಪಟ್ಟಿಯಲ್ಲಿ ತೋಟೆ ಸಿಕ್ಕಿಸಿಟ್ಟವರು ಮೇಣದಂತಹ ಹಸಿರು ಗಸಿಯನ್ನು ಕಂಡಿರುತ್ತಾರೆ. ಚರ್ಮ ಹದಮಾಡಲು ಬಳಸಿದ ಆಮ್ಲಗಳೂ ಕೊಬ್ಬೂ ತಾಮ್ರವನ್ನು ಕರಗಿಸಿ ಮಾಡಿದ್ದು ಅದು. ಪಟ್ಟಿ ಬೇಟೆಯ ದಿನದ ಬಳಕೆಗೆ ಸರಿ, ವರ್ಷವಿಡೀ ತೋಟೆ ಇಡುವ ಜಾಗ ಅಲ್ಲವೇ ಅಲ್ಲ. ಒರಟು ಬಟ್ಟೆಯಿಂದ ಒರೆಸಿದಾಗ ಹಸಿರು ಹೋಗಿ ಕೆಳಗೆ ನುಣುಪಾದ ಹಿತ್ತಾಳೆ ಉಳಿದರೆ ಹಾನಿ ಮೇಲ್ಮೈಯದು. ಒರೆಸಿದ ಮೇಲೆ ಉಗುರಿಗೆ ತಗಲುವ ಕುಳಿ ಉಳಿದರೆ ಲೋಹ ಅಷ್ಟು ಕರಗಿಹೋಗಿದೆ ಎಂದೇ ಅರ್ಥ. ಹಿತ್ತಾಳೆ ಅಲ್ಲಲ್ಲಿ ತಾಮ್ರದಂತೆ ಕೆಂಪಾಗಿದ್ದರೆ ಅದೂ ಒಳ್ಳೆಯ ಗುರುತಲ್ಲ. ಸತುವು ಹೊರಟುಹೋಗಿ, ಸ್ಪಂಜಿನಂತೆ ತೂತು ತೂತಾದ ತಾಮ್ರ ಹಿಂದೆ ಉಳಿದಿದೆ. ನೋಡಲು ಆಕಾರ ಹಾಗೇ ಇರುತ್ತದೆ, ಬಲ ಇರುವುದಿಲ್ಲ.

ಇದಕ್ಕಿಂತ ಕೆಟ್ಟದ್ದೊಂದಿದೆ. ಅದರ ಕತೆಗಾಗಿ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ಕುದುರೆ ಲಾಯಕ್ಕೆ ಹೋಗಬೇಕು.

ಮಳೆಗಾಲದಲ್ಲಿ ಸೈನ್ಯಕ್ಕೆ ದಂಡಯಾತ್ರೆ ಕಡಿಮೆ. ಮದ್ದುಗುಂಡಿನ ಪೆಟ್ಟಿಗೆಗಳನ್ನು ಸೂರಿರುವ ಜಾಗಕ್ಕೆ ಸಾಗಿಸುತ್ತಿದ್ದರು, ಎಷ್ಟೋ ಕಡೆ ಆ ಸೂರು ಕುದುರೆ ಲಾಯದ್ದಾಗಿರುತ್ತಿತ್ತು. ಮಳೆ ನಿಂತು ಪೆಟ್ಟಿಗೆ ತೆರೆದಾಗ ತೋಟೆಗಳು ಬಿರುಕು ಬಿಟ್ಟಿರುತ್ತಿದ್ದವು, ಅದೂ ಹೆಚ್ಚಾಗಿ ಗುಂಡನ್ನು ಬಿಗಿಯಾಗಿ ಹಿಡಿದ ಬಾಯಿಯ ಬಳಿ. ಯಾರೂ ಬೀಳಿಸಿದ್ದಲ್ಲ, ಹೊಡೆದದ್ದೂ ಅಲ್ಲ. ಸುಮ್ಮನೆ ಕೂತ ಹಿತ್ತಾಳೆ ತಾನಾಗಿ ಸೀಳಿತ್ತು. ಮಳೆಯ ಋತುವಿನಲ್ಲಿ ಬರುವ ರೋಗವೆಂದು ಇದಕ್ಕೆ ಋತು ಬಿರುಕು ಎಂಬ ಹೆಸರು ಬಿತ್ತು. ತೇವದ ಮೇಲೆ, ಲೋಹದ ಕಲಬೆರಕೆಯ ಮೇಲೆ ಅನುಮಾನ ಬಿದ್ದರೂ ಒಗಟು ಬಿಡಿಸಲಾಗಲಿಲ್ಲ. 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಮೂವರು ಬ್ರಿಟಿಷ್ ಸಂಶೋಧಕರು ಕಾರಣವನ್ನು ತೋರಿಸಿಕೊಟ್ಟರು. ಕುದುರೆಯ ಗಂಜಲ ಅದರ ಮೂಲ.

ಗಂಜಲದಲ್ಲಿ ಯೂರಿಯಾ ಇದೆ. ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಅಮೋನಿಯ ಹೊರಬರುತ್ತದೆ. ಕೊಟ್ಟಿಗೆ ಗುಡಿಸುವಾಗ, ಕೋಳಿ ಗೂಡಿನ ಬಾಗಿಲು ತೆರೆದಾಗ ಮೂಗಿಗೆ ಚುಚ್ಚುವ ವಾಸನೆ ಅದೇ. ಅಮೋನಿಯಕ್ಕೂ ತಾಮ್ರಕ್ಕೂ ವಿಶೇಷವಾದ ಸೆಳೆತ ಇದೆ. ನೀರು ಮತ್ತು ಗಾಳಿ ಜೊತೆಗಿದ್ದರೆ ಅಮೋನಿಯ ತಾಮ್ರವನ್ನು ಕರಗಿಸಿ ಗಾಢ ನೀಲಿ ದ್ರಾವಣ ಮಾಡುತ್ತದೆ. ಕಾಫಿಗೋ ಅಡಿಕೆಗೋ ಬೋರ್ಡೋ ಹೊಡೆಯುವವರಿಗೆ ಮೈಲುತುತ್ತದ ನೀಲಿ ಗೊತ್ತಲ್ಲ, ಈ ನೀಲಿ ಅದಕ್ಕಿಂತಲೂ ಗಾಢ.

ಆದರೆ ಕರಗುವುದೊಂದೇ ಆಗಿದ್ದರೆ ತೋಟೆ ಎಲ್ಲ ಕಡೆ ಸಮನಾಗಿ ಸವೆಯಬೇಕಿತ್ತು. ಬಿರುಕು ಏಕೆ? ಇಲ್ಲಿ ನಮ್ಮ ಕಂಚುಗಾರರನ್ನು ನೆನೆಯಬೇಕು. ಹಿತ್ತಾಳೆಯ ತಗಡನ್ನು ಬಡಿದು ಕೊಡ ಮಾಡುವ ಕಂಚುಗಾರನಿಗೆ ಗೊತ್ತು, ಬಡಿದಂತೆಲ್ಲ ಲೋಹ ಗಟ್ಟಿಯಾಗುತ್ತ ಹೋಗುತ್ತದೆ, ಒಂದು ಹಂತ ದಾಟಿದರೆ ಸೀಳುತ್ತದೆ. ಅದಕ್ಕೇ ಆಗಾಗ ಕುಲುಮೆಗೆ ಹಾಕಿ ಕಾಸಿ ಮೆದು ಮಾಡಿಕೊಳ್ಳುತ್ತಾನೆ. ತೋಟೆಯ ಕಾರ್ಖಾನೆಯಲ್ಲೂ ಆಗುವುದು ಇದೇ. ದಪ್ಪ ಹಿತ್ತಾಳೆಯ ಬಿಲ್ಲೆಯನ್ನು ಯಂತ್ರ ಒತ್ತಿ ಬಟ್ಟಲು ಮಾಡುತ್ತದೆ, ಬಟ್ಟಲನ್ನು ಎಳೆದು ಎಳೆದು ಉದ್ದನೆಯ ಕೊಳವೆ ಮಾಡುತ್ತದೆ, ನಡುನಡುವೆ ಕಾಸುತ್ತದೆ. ಕೊನೆಗೆ ಬಾಯಿಯನ್ನು ಕಿರಿದು ಮಾಡಿ ಗುಂಡು ಕೂರಿಸಿ ಅದುಮುತ್ತದೆ. ಇಷ್ಟೆಲ್ಲ ಎಳೆದಾಟದಲ್ಲಿ ಲೋಹದ ಹರಳುಗಳು ಒಂದನ್ನೊಂದು ತಳ್ಳುತ್ತ, ಜಗ್ಗುತ್ತ ಹಾಗೇ ನಿಂತುಬಿಡುತ್ತವೆ. ಹೊರಗಿನಿಂದ ನೋಡಿದರೆ ತೋಟೆ ನಿಶ್ಚಲ, ಒಳಗೆ ಹೆದೆಯೇರಿಸಿದ ಬಿಲ್ಲು. ಅಮೋನಿಯ ಹರಳುಗಳ ನಡುವಿನ ಗಡಿಯಲ್ಲಿ ಸ್ವಲ್ಪ ತಾಮ್ರವನ್ನು ಕರಗಿಸಿದರೆ ಸಾಕು, ಒಳಗಿನ ಜಗ್ಗಾಟ ಆ ಸಣ್ಣ ಗೀರನ್ನು ಅಗಲಿಸುತ್ತದೆ. ಗೀರಿನ ತುದಿಯಲ್ಲಿ ಹೊಸ ಲೋಹ ತೆರೆದುಕೊಳ್ಳುತ್ತದೆ, ಅಮೋನಿಯ ಅಲ್ಲಿಗೂ ಇಳಿಯುತ್ತದೆ. ಹೀಗೆ ತೂಕದಲ್ಲಿ ಏನೂ ಕಳೆದುಕೊಳ್ಳದೆ, ಬಣ್ಣವೂ ಅಷ್ಟೇನೂ ಕೆಡದೆ ತೋಟೆ ಆರಪಾರ ಸೀಳಬಹುದು. ಬಣ್ಣವನ್ನು ಮಾತ್ರ ನೋಡುವವರು ಮೋಸಹೋಗುವುದು ಇಲ್ಲಿಯೇ. ಸೀಳಿದ ತೋಟೆ ಬಿರಡೆಯಾಗಲಾರದು.

ರೋಗ ತಿಳಿದ ಮೇಲೆ ಮದ್ದು ಸುಲಭವಾಯಿತು. ಒಂದು, ಮದ್ದುಗುಂಡನ್ನು ಲಾಯದಿಂದ ದೂರ, ಒಣ ಜಾಗದಲ್ಲಿ ಇಡುವುದು. ಎರಡು, ತೋಟೆಯನ್ನು ಹಗುರವಾಗಿ ಕಾಸುವುದು. ಹಿತ್ತಾಳೆಯನ್ನು ಮುನ್ನೂರು ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇರದಂತೆ ಸ್ವಲ್ಪ ಹೊತ್ತು ಕಾಸಿದರೆ ಗಟ್ಟಿತನ ಉಳಿದು ಒಳಗಿನ ಜಗ್ಗಾಟ ಇಳಿಯುತ್ತದೆ. ತೋಟೆಯ ಬಾಯಿ ಮತ್ತು ಕುತ್ತಿಗೆಯನ್ನಂತೂ ಜ್ವಾಲೆಗೆ ಹಿಡಿದು ಇನ್ನಷ್ಟು ಕಾಸಿ ಮೆದು ಮಾಡುತ್ತಾರೆ. ಸೈನ್ಯದ ತೋಟೆಯ ಕುತ್ತಿಗೆಯ ನೀಲಿ ಕಂದು ಪಟ್ಟಿ ಆ ಜ್ವಾಲೆಯ ಗುರುತು. ಅಂಗಡಿಗೆ ಬರುವ ತೋಟೆಗಳಲ್ಲಿ ಅದನ್ನು ಉಜ್ಜಿ ಹೊಳಪು ಕೊಡುತ್ತಾರೆ. ಸೈನ್ಯದವರು ಹಾಗೇ ಉಳಿಸುತ್ತಾರೆ, ಕಾಸಿದ್ದಾಗಿದೆ ಎಂಬುದಕ್ಕೆ ಕಣ್ಣೆದುರಿನ ಸಾಕ್ಷಿ ಇರಲಿ ಎಂದು. ಅಂದರೆ ಕೆಲವರು ರೋಗವೆಂದು ತಿಳಿದ ಬಣ್ಣವೇ ಈ ರೋಗದ ವಿರುದ್ಧ ಕೊಟ್ಟ ಚುಚ್ಚುಮದ್ದಿನ ಕಲೆ.

ಈಗಿನ ತೋಟೆಗಳು ಇಷ್ಟು ಹದವಾಗಿ ಬರುವುದರಿಂದ ಬಿರುಕು ಅಪರೂಪ. ಅಪರೂಪ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ನಮ್ಮ ತೋಟದ ಮನೆಗಳಲ್ಲಿ ಇಂದು ಕುದುರೆ ಲಾಯ ಇಲ್ಲ, ಆದರೆ ದನದ ಕೊಟ್ಟಿಗೆ ಇದೆ, ಕೋಳಿ ಗೊಬ್ಬರ ಇದೆ, ಉಗ್ರಾಣದಲ್ಲಿ ಯೂರಿಯಾ ಮೂಟೆಗಳಿವೆ. ತೇವ ಹೀರಿದ ಯೂರಿಯಾ ಕೊಡುವುದೂ ಅದೇ ಅಮೋನಿಯವನ್ನು. ಇನ್ನೊಂದು ಅಪಾಯ ಮನೆಯೊಳಗೇ ಇದೆ. ಕಿಲುಬು ತೆಗೆಯಲು ಅಂಗಡಿಯಲ್ಲಿ ಸಿಗುವ ಕೆಲವು ಹಿತ್ತಾಳೆ ಪಾಲಿಶ್‌ಗಳಲ್ಲೂ ಗಾಜು ಒರೆಸುವ ಕೆಲವು ದ್ರವಗಳಲ್ಲೂ ಅಮೋನಿಯ ಇರುತ್ತದೆ. ದೀಪ ಬೆಳಗಿದಂತೆ ತೋಟೆಯನ್ನೂ ಬೆಳಗಲು ಹೋದರೆ, ತೊಂದರೆ ಕೊಡದ ಕಂದನ್ನು ತೆಗೆದು ಬಿರುಕನ್ನು ಕರೆದಂತಾಗುತ್ತದೆ. ಹುಣಸೆಹಣ್ಣೂ ಬೇಡ, ನಿಂಬೆಯೂ ಬೇಡ, ಎಣ್ಣೆಯೂ ಬೇಡ. ಆಮ್ಲ ಮತ್ತು ನೀರು ಕೇಪಿನ ಸಂದಿಗೆ ಇಳಿಯುತ್ತವೆ. ತೆಳು ಎಣ್ಣೆಯಂತೂ ಸಂದಿಯೊಳಗೆ ನುಸುಳಿ ಕೇಪಿನ ಮದ್ದನ್ನೇ ಕೊಲ್ಲುತ್ತದೆ. ಕೋವಿಗೆ ಎಣ್ಣೆ ಒಳ್ಳೆಯದು, ತೋಟೆಗೆ ಒಣ ಬಟ್ಟೆ ಸಾಕು.

ಇಲ್ಲಿಯವರೆಗೆ ಹೊರಗಿನ ಮಾತಾಯಿತು. ಒಳಗಿನ ಮದ್ದಿಗೂ ವಯಸ್ಸಾಗುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ.

ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿಸಿ ಮಾಡಿದ ಹಳೆಯ ಕರಿಮದ್ದು ಒಣಗಿದ್ದರೆ ಶತಮಾನ ಕಳೆದರೂ ಹಾಗೇ ಇರುತ್ತದೆ. ಈಗಿನ ಹೊಗೆಯಿಲ್ಲದ ಮದ್ದಿನ ಗುಣ ಬೇರೆ, ಅದರ ಮೂಲ ಸಿಡಿಹತ್ತಿ. 1846ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿದ್ದ ಶೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞ ಹತ್ತಿಯನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳಲ್ಲಿ ಅದ್ದಿ ಮಾಡಿದ ಸಿಡಿಹತ್ತಿಯನ್ನು ಪ್ರಕಟಿಸಿದ. ಮರುವರ್ಷವೇ ಇಂಗ್ಲೆಂಡಿನ ಫಾವರ್‌ಶಾಮ್‌ನಲ್ಲಿ ಅದನ್ನು ಮಾಡುತ್ತಿದ್ದ ಕಾರ್ಖಾನೆ ಸಿಡಿಯಿತು. ಹತ್ತಿಯ ಎಳೆಗಳೊಳಗೆ ಉಳಿದ ಆಮ್ಲವೇ ಶತ್ರು ಎಂದು ಗುರುತಿಸಿ, ಹತ್ತಿಯನ್ನು ನುಣ್ಣಗೆ ಅರೆದು ತೊಳೆಯುವ ಕ್ರಮವನ್ನು 1865ರಲ್ಲಿ ರೂಢಿಗೆ ತಂದವನು ಫ್ರೆಡರಿಕ್ ಏಬಲ್. ಅಷ್ಟಾದರೂ ಸಿಡಿಹತ್ತಿ ತೀರಾ ಸುಮ್ಮನಿರುವುದಿಲ್ಲ. ಬಹಳ ನಿಧಾನವಾಗಿ ಒಡೆಯುತ್ತ ಸಾರಜನಕದ ಆಕ್ಸೈಡುಗಳನ್ನು ಬಿಡುತ್ತದೆ. ಆ ಅನಿಲ ತೇವದೊಡನೆ ಸೇರಿ ಆಮ್ಲವಾಗುತ್ತದೆ, ಆಮ್ಲ ಇನ್ನಷ್ಟು ಒಡೆತಕ್ಕೆ ಕಾರಣವಾಗುತ್ತದೆ. ಹೆಪ್ಪು ಹಾಕಿದ ಹಾಲಿನಂತೆ ಒಮ್ಮೆ ಶುರುವಾದರೆ ತನ್ನಿಂದ ತಾನೇ ವೇಗ ಹಿಡಿಯುತ್ತದೆ.

ಇದು ಎಲ್ಲಿಗೆ ಮುಟ್ಟಬಹುದೆಂದು ಫ್ರಾನ್ಸ್ ಕಂಡಿತು. ಪಾಲ್ ವಿಯೆಲ್ 1884ರಲ್ಲಿ ಕಂಡುಹಿಡಿದ ಹೊಗೆಯಿಲ್ಲದ ಮದ್ದು ಆ ದೇಶದ ಹೆಮ್ಮೆಯಾಗಿತ್ತು. 1907ರ ಮಾರ್ಚ್ 12ರಂದು ತೂಲೋನ್ ಬಂದರಿನಲ್ಲಿ ನಿಂತಿದ್ದ ಯೇನಾ ಯುದ್ಧನೌಕೆಯ ಮದ್ದಿನ ಕೋಣೆ ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು. 1911ರ ಸೆಪ್ಟೆಂಬರ್ 25ರಂದು ಅದೇ ಬಂದರಿನಲ್ಲಿ ಲಿಬರ್ತೆ ಎಂಬ ಇನ್ನೊಂದು ನೌಕೆ ಸಿಡಿದು ಇನ್ನೂರಕ್ಕೂ ಹೆಚ್ಚು ಜನ. ಶತ್ರುವಿನ ಕೈವಾಡ ಇರಲಿಲ್ಲ. ಕೆಟ್ಟುಹೋದ ಮದ್ದಿನ ಮೇಲೆಯೇ ಬೆರಳು ನಿಂತಿತು. ಆಮೇಲೆ ಫ್ರೆಂಚರ ಮದ್ದಿಗೆ ಡೈಫೀನೈಲ್ ಅಮೀನ್ ಎಂಬ ವಸ್ತುವನ್ನು ಬೆರೆಸತೊಡಗಿದರು. ಹೊಮ್ಮುವ ಆಕ್ಸೈಡುಗಳನ್ನು ಅದು ತಾನೇ ನುಂಗಿ ಮದ್ದನ್ನು ಕಾಯುತ್ತದೆ. ಬ್ರಿಟಿಷರ ಹೊಗೆಯಿಲ್ಲದ ಮದ್ದಾದ ಕಾರ್ಡೈಟಿನಲ್ಲಿ ನೂರಕ್ಕೆ 58 ಪಾಲು ನೈಟ್ರೋಗ್ಲಿಸರಿನ್, 37 ಪಾಲು ಸಿಡಿಹತ್ತಿ, ಉಳಿದ 5 ಪಾಲು ನಾವು ತುಟಿಗೆ ಹಚ್ಚಿಕೊಳ್ಳುವ ವ್ಯಾಸಲೀನ್. ನಳಿಗೆಗೆ ಜಾರುಗುಣ ಕೊಡಲೆಂದು ಹಾಕಿದ ಆ ವ್ಯಾಸಲೀನೇ ಮದ್ದನ್ನು ಕೆಡದಂತೆ ಕಾಯುತ್ತಿದೆ ಎಂದು ತಿಳಿದದ್ದು ಆಮೇಲೆ. ಮೈಸೂರಿನಿಂದ ಊಟಿ ದಾಟಿ ಕೂನೂರಿನ ಕಡೆ ಇಳಿಯುವಾಗ ಸಿಗುವ ಅರುವಂಕಾಡಿನಲ್ಲಿ ಆ ಕಾರ್ಡೈಟ್ ಮಾಡಲೆಂದೇ ಕಟ್ಟಿದ ಕಾರ್ಖಾನೆ ಇದೆ.

ಕಾವಲಿನ ಈ ವಸ್ತು ಇರುವುದು ಸ್ವಲ್ಪವೇ, ಮತ್ತು ಅದು ಖರ್ಚಾಗುತ್ತ ಹೋಗುತ್ತದೆ. ಖರ್ಚಿನ ವೇಗ ನಿರ್ಧರಿಸುವುದು ಬಿಸಿ. ಹತ್ತು ಡಿಗ್ರಿ ಬಿಸಿ ಏರಿದರೆ ಇಂಥ ಕ್ರಿಯೆಗಳ ವೇಗ ಎರಡು ಪಟ್ಟಾದರೂ ಆಗುತ್ತದೆ ಎಂಬುದು ರಸಾಯನಶಾಸ್ತ್ರದ ಸ್ಥೂಲ ಲೆಕ್ಕ. 25 ಡಿಗ್ರಿಯ ಕೋಣೆಯಲ್ಲಿ ಇಟ್ಟ ತೋಟೆಗೂ ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ತಗಡಿನ ಮಾಡಿನ ಅಟ್ಟದಲ್ಲಿ ಇಟ್ಟ ತೋಟೆಗೂ ನಾಲ್ಕು ಪಟ್ಟಿನ ವ್ಯತ್ಯಾಸ. ಎರಡನೆಯ ಮಹಾಯುದ್ಧದ ಕಾಲದ ತೋಟೆಗಳು ತಂಪಾದ ಒಣ ಉಗ್ರಾಣಗಳಿಂದ ಹೊರಬಂದು ಈಗಲೂ ಸರಿಯಾಗಿ ಹಾರುತ್ತವೆ. ಬಿಸಿಲಲ್ಲಿ ನಿಂತ ಜೀಪಿನೊಳಗೆ ಬೇಸಿಗೆಗಳನ್ನು ಕಳೆದ ತೋಟೆಯ ಬಗ್ಗೆ ಅಂಥ ಭರವಸೆ ಕೊಡಲಾಗದು, ಹಿತ್ತಾಳೆ ಎಷ್ಟೇ ಹೊಳೆಯುತ್ತಿರಲಿ. ಮದ್ದು ಕೆಟ್ಟಾಗ ಆಮ್ಲ ಒಳಗಿನಿಂದಲೇ ಹಿತ್ತಾಳೆಯನ್ನು ತಿನ್ನುತ್ತದೆ. ಗುಂಡು ಕೂತ ಸಂದಿಯಿಂದ ಹಸಿರು ಹೊರಗೆ ಜಿನುಗುತ್ತಿದ್ದರೆ, ಡಬ್ಬಿ ತೆರೆದೊಡನೆ ಆಮ್ಲದ ಘಾಟು ಬಂದರೆ ಇನ್ನು ಯಾವ ಪರೀಕ್ಷೆಯೂ ಬೇಡ. ಆ ತೋಟೆಯ ಆಯುಸ್ಸು ಮುಗಿದಿದೆ.

ಕೇಪಿನ ವಿಷಯ ಚಿಕ್ಕದು. ಹೊಡೆತಕ್ಕೆ ಕಿಡಿ ಕಾರುವ ಮದ್ದಿನಿಂದ ಕೋವಿ ಸಿಡಿಸುವ ಉಪಾಯಕ್ಕೆ 1807ರಲ್ಲಿ ಹಕ್ಕುಪತ್ರ ಪಡೆದವನು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್. ಮುಂದೆ ಕೇಪುಗಳಲ್ಲಿ ಬಳಕೆಗೆ ಬಂದದ್ದು ಪಾದರಸದ ಫಲ್ಮಿನೇಟ್. ಪಾದರಸ ಹಿತ್ತಾಳೆಯೊಳಗೆ ಇಳಿದು ಅದನ್ನು ಗಾಜಿನಂತೆ ಪೆಡಸು ಮಾಡುತ್ತಿದ್ದುದರಿಂದ ಖಾಲಿ ತೋಟೆಯನ್ನು ಮತ್ತೆ ತುಂಬಿ ಬಳಸುವುದು ಅಪಾಯಕರವಾಗಿತ್ತು. ಅದರ ಬದಲು ಬಂದ ಕ್ಲೋರೇಟ್ ಕೇಪು ನಳಿಗೆಯಲ್ಲಿ ಉಪ್ಪಿನಂತಹ ಪೊಟ್ಯಾಸಿಯಂ ಕ್ಲೋರೈಡ್ ಬಿಡುತ್ತಿತ್ತು. ಅದು ತೇವ ಹೀರಿ ನಳಿಗೆ ತುಕ್ಕು ಹಿಡಿಯುತ್ತಿತ್ತು. ಸಿಪಾಯಿಗಳು ಕುದಿಯುವ ನೀರನ್ನು ನಳಿಗೆಯಲ್ಲಿ ಹೊಯ್ಯುತ್ತಿದ್ದದ್ದು ಆ ಉಪ್ಪನ್ನು ಕರಗಿಸಲು. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ. ಹಳೆಯ ಸೈನ್ಯದ ತೋಟೆ ಹೊಡೆದವರು ಇಂದಿಗೂ ಮೊದಲು ನೀರು, ಆಮೇಲೆ ಎಣ್ಣೆ ಎಂಬ ಕ್ರಮ ಪಾಲಿಸಬೇಕು. ಈಗಿನ ಕೇಪುಗಳಲ್ಲಿ ಸೀಸದ ಸ್ಟಿಫ್ನೇಟ್ ಇರುತ್ತದೆ, ಈ ಕಾಟ ಇಲ್ಲ. ಕೇಪಿನ ಸುತ್ತ ಹಸಿರು ಉಂಗುರ ಕಟ್ಟಿದ್ದರೆ ಮಾತ್ರ ತೇವ ಒಳಗೆ ಇಳಿದಿರುವ ಸಾಧ್ಯತೆ ಇದೆ.

ಈಗ ಆ ಡಬ್ಬಿಯನ್ನು ಬೆಳಕಿನಲ್ಲಿ ಸುರಿದುಕೊಂಡು ಕೂರೋಣ. ಒಣ ಬಟ್ಟೆಯಿಂದ ಒಂದೊಂದನ್ನೂ ಒರೆಸಿ ತಿರುಗಿಸಿ ನೋಡಿ. ಸಮನಾದ ಕಂದು, ಬೆರಳ ಗುರುತು, ಒರೆಸಿದರೆ ಹೋಗುವ ತೆಳು ಹಸಿರು, ಇವುಗಳನ್ನು ಒಂದು ಕಡೆ ಇಡಿ, ತಂಪಾದ ಒಣ ಜಾಗದಲ್ಲಿ ಇದ್ದದ್ದಾದರೆ ಇವು ಹೊಡೆಯಲು ಯೋಗ್ಯ. ಕುಳಿ ಬಿದ್ದದ್ದು, ಕೆಂಪಾದದ್ದು, ಬಾಯಿಯಲ್ಲೋ ಮೈಯಲ್ಲೋ ಕೂದಲೆಳೆಯಷ್ಟಾದರೂ ಗೀರು ಕಂಡದ್ದು, ಕೇಪಿನ ಸುತ್ತ ಕಿಲುಬಿರುವುದು ಇನ್ನೊಂದು ಕಡೆಗೆ. ಚರೆ ತೋಟೆಯಾದರೆ ಒಂದು ಅಯಸ್ಕಾಂತ ತನ್ನಿ. ಅದರ ಚಿನ್ನದ ಬಣ್ಣದ ತಳ ಬಹಳ ಸಲ ಹಿತ್ತಾಳೆಯ ಲೇಪವಿರುವ ಉಕ್ಕು. ಅಯಸ್ಕಾಂತ ಹಿಡಿದರೆ ಅಲ್ಲಿ ಕಾಣುವ ಕಂದು ತುಕ್ಕೇ ಆಗಿರಬಹುದು, ತುಕ್ಕು ತಾಮ್ರದ ಮಸುಕಿನಂತೆ ತನಗೆ ತಾನೇ ನಿಲ್ಲುವುದಿಲ್ಲ. ಹಳೆಯ ಕಾಗದದ ತೋಟೆ ತೇವಕ್ಕೆ ಉಬ್ಬಿ ನಳಿಗೆಯೊಳಗೆ ಸಲೀಸಾಗಿ ಇಳಿಯದಿದ್ದರೆ ಒತ್ತಿ ತುರುಕಬೇಡಿ.

ಹೊಡೆಯುವಾಗಲೂ ಕಿವಿ ತೆರೆದಿರಲಿ. ಕೋವಿಯ ಕುದುರೆ, ಅಂದರೆ ಕೇಪಿಗೆ ಹೊಡೆತ ಕೊಡುವ ಸುತ್ತಿಗೆ, ಬಿದ್ದರೂ ತೋಟೆ ಸಿಡಿಯದಿದ್ದರೆ ತಕ್ಷಣ ಕೋವಿ ಮುರಿದು ನೋಡುವುದು ನಮ್ಮಲ್ಲಿನ ಕೆಟ್ಟ ಅಭ್ಯಾಸ. ತೇವ ತಗಲಿದ ಕೇಪು ತಡವಾಗಿ ಹೊತ್ತಿಕೊಳ್ಳಬಹುದು. ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೇ ಹಿಡಿದು ಅರ್ಧ ನಿಮಿಷಕ್ಕೂ ಹೆಚ್ಚು ಕಾಯಿರಿ, ಆಮೇಲೆ ತೆರೆಯಿರಿ. ಢಂ ಎನ್ನಬೇಕಾದ್ದು ಠುಸ್ ಎಂದರೆ ಆ ದಿನದ ಹೊಡೆತ ಅಲ್ಲಿಗೆ ನಿಲ್ಲಿಸಿ, ಕೋವಿ ಖಾಲಿ ಮಾಡಿ, ನಳಿಗೆಯಲ್ಲಿ ಬೆಳಕು ಆರಪಾರ ಕಾಣುತ್ತದೆಯೇ ನೋಡಿ. ಬಲವಿಲ್ಲದ ಮದ್ದು ಗುಂಡನ್ನೋ ಚರೆಯ ಹಿಂದಿನ ಬಿಲ್ಲೆಯನ್ನೋ ನಳಿಗೆಯ ನಡುವೆಯೇ ಬಿಟ್ಟಿರುತ್ತದೆ. ಅದರ ಹಿಂದೆ ಇನ್ನೊಂದು ತೋಟೆ ಹೊಡೆದರೆ ನಳಿಗೆ ಸೀಳುತ್ತದೆ. ಕೈ, ಕಣ್ಣು ಕಳೆದುಕೊಳ್ಳುವುದು ಹೀಗೆ. ಬಣ್ಣ ಕೆಟ್ಟ ತೋಟೆಗಿಂತ ಇದು ನೂರು ಪಾಲು ಹೆಚ್ಚು ಹೆದರಬೇಕಾದ ಸಂಗತಿ.

ಬೇರೆ ಇಟ್ಟ ತೋಟೆಗಳನ್ನು ಒಲೆಗೆ ಹಾಕುವುದು, ಹೊಂಡದಲ್ಲಿ ಹೂಳುವುದು, ಬಿಚ್ಚಿ ಮದ್ದು ತೆಗೆಯುವುದು ಯಾವುದೂ ಬೇಡ. ಪರವಾನಗಿ ಇರುವ ಮದ್ದುಗುಂಡಿನ ಅಂಗಡಿಯವರಿಗೋ ಪೊಲೀಸ್ ಠಾಣೆಗೋ ಕೇಳಿ ಅವರು ಹೇಳಿದಂತೆ ಒಪ್ಪಿಸಿ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಸಂಪ್ರದಾಯದ ಮನೆಗಳಲ್ಲಿ ತೋಟೆ ವರ್ಷಗಟ್ಟಲೆ ಕಾದು ಕೂರುವುದು ಸಹಜ. ಅಂಥ ಮನೆಯಲ್ಲಿ ತೋಟೆ ಎಲ್ಲಿ ಇಡಬೇಕು ಎಂಬುದೇ ದೊಡ್ಡ ಪ್ರಶ್ನೆ. ಮನೆಯ ನಡುಭಾಗದ ಬೀಗವಿರುವ ಕಪಾಟು, ಬಿಗಿ ಮುಚ್ಚಳದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಪೊಟ್ಟಣ, ಡಬ್ಬಿಯ ಮೇಲೆ ಕೊಂಡ ವರ್ಷ. ಹಳೆಯದನ್ನು ಮೊದಲು ಬಳಸಿ. ಮಕ್ಕಳ ಕೈಗೆ ಕೀಲಿ ಸಿಗದಿರಲಿ.

ನಿಮ್ಮ ಮನೆಯ ತೋಟೆಗಳು ಈ ಹೊತ್ತು ಕೊಟ್ಟಿಗೆಯ ಅಟ್ಟದಲ್ಲೋ ಯೂರಿಯಾ ಮೂಟೆಯ ಪಕ್ಕದ ಗೂಡಿನಲ್ಲೋ ಇದ್ದರೆ, ಮುಂದಿನ ಅಧ್ಯಾಯ ಓದುವ ಮೊದಲು ಎದ್ದು ಹೋಗಿ ಅವನ್ನು ಅಲ್ಲಿಂದ ತೆಗೆಯಿರಿ.